ಸ್ಪ್ಯಾನಿಷ್ ಪರ್ಫೆಕ್ಟ್ ಟೆನ್ಸ್‌ಗೆ ಇಂಗ್ಲಿಷ್ ಬಿಟ್ಟು ಕನ್ನಡ ಹಿಡೀರಿ

ನಮ್ಮ ಚಿಕ್ಕಮಗಳೂರು ಗ್ರೂಪಲ್ಲಿ ಸ್ಪ್ಯಾನಿಷ್ ಕಲೀತಿರೋರಿಗೆ ಒಂದು ಮಾತು. ಪರ್ಫೆಕ್ಟ್ ಟೆನ್ಸ್ ಅಂದ್ರೆ 'ನೋಡಿದ್ದೀನಿ', 'ತಿಂದಿದ್ದೀನಿ' ಥರದ ಮಾತು, ಅದಕ್ಕೆ ಇಂಗ್ಲಿಷ್‌ನ 'ಹ್ಯಾವ್' ನೆನೆಸ್ಕೊಂಡು 'ತೆನೇರ್' ಹಾಕ್ಬೇಡಿ, ಅದು ದುಡ್ಡಿದೆ ಕಾರಿದೆ ಅನ್ನೋಕೆ, ಇಲ್ಲಿ ಬೇಕಾಗಿರೋದು 'ಆಬೇರ್'. ಅದ್ರ ರೂಪಗಳು ಎ, ಆಸ್, ಆ, ಎಮೋಸ್, ಆಬೇಯ್ಸ್, ಆನ್. ಬರೆಯೋವಾಗ ಎಲ್ಲದಕ್ಕೂ ಮುಂದೆ ಎಚ್ ಇರುತ್ತೆ, ಬಾಯಲ್ಲಿ ಬರಲ್ಲ ಅಷ್ಟೇ.

ಈಗ ಕನ್ನಡ ನೋಡಿ, ಮುಳ್ಳಯ್ಯನಗಿರಿ ನೋಡಿದ್ದೀನಿ, ನೋಡಿದ್ದಾಳೆ, ನೋಡಿದ್ದಾರೆ, ಇದ್ರಲ್ಲಿ 'ನೋಡಿ' ಅಲ್ಲಾಡಲ್ಲ, ಬದಲಾಗೋದೆಲ್ಲ 'ಇರು' ಭಾಗ ಮಾತ್ರ, ಅಲ್ಲೂ ಹಂಗೇನೆ: ಎ ವಿಸ್ತೊ, ಆ ವಿಸ್ತೊ, ಆನ್ ವಿಸ್ತೊ. ಹೆಂಗಸ್ರಿಗೆ 'ವಿಸ್ತಾ' ಮಾಡೋಕೆ ಹೋಗ್ಬೇಡಿ ಮತ್ತೆ. 'ನೋಡಿದ್ದೆ' ಅನ್ಬೇಕಾ, 'ಆಬೀಯಾ ವಿಸ್ತೊ', ಮುಗೀತು.

ಮಾಮೂಲಿ ಕ್ರಿಯಾಪದಕ್ಕೆ ಕೊನೇಲಿ ಆರ್ ಇದ್ರೆ ಆದೊ, ಏರ್ ಈರ್ ಇದ್ರೆ ಈದೊ: ಆಬ್ಲಾರ್ (ಮಾತಾಡು) ಆಬ್ಲಾದೊ, ಕೊಮೇರ್ (ತಿನ್ನು) ಕೊಮೀದೊ. ವಿಸ್ತೊ (ನೋಡಿ), ಎಚೊ (ಮಾಡಿ), ದಿಚೊ (ಹೇಳಿ), ಎಸ್ಕ್ರೀತೊ (ಬರೆದು), ಪುಯೆಸ್ತೊ (ಇಟ್ಟು) ಇವು ಲೆಕ್ಕಕ್ಕೆ ಸಿಗಲ್ಲ, ಬಾಯಿಪಾಠ ಮಾಡ್ಲೇಬೇಕು, ದಿನಾ ಬೇಕಾಗೋವೇ ಇವು ಬೇರೆ.

ಇನ್ನೊಂದು, ಇಂಗ್ಲಿಷಲ್ಲಿ 'ಐ ಹ್ಯಾವ್ ಆಲ್ರೆಡಿ ಈಟನ್' ಅಂತ ಮಧ್ಯ ತುರುಕ್ತೀವಲ್ಲ, ಸ್ಪ್ಯಾನಿಷಲ್ಲಿ 'ಎ', 'ಕೊಮೀದೊ' ಎರಡರ ನಡುವೆ ಏನೂ ಹಾಕಲ್ಲ, ಆಲ್ರೆಡಿ ಅನ್ನೋ 'ಯಾ' ಮುಂದೆ ಬರುತ್ತೆ, 'ಯಾ ಎ ಕೊಮೀದೊ', ಇಲ್ಲ ಅನ್ನೋ 'ನೋ' ಕೂಡ ಮುಂದೇನೇ, 'ನೋ ಎ ಕೊಮೀದೊ'.

ಸ್ಪೇನಿನೋರು ಇವತ್ತು ಬೆಳಗ್ಗೆ ತಿಂದಿದ್ದಕ್ಕೂ 'ಎ ಕೊಮೀದೊ' ಅಂತಾರೆ, ಮೆಕ್ಸಿಕೋ ಕಡೆ ಸಾಮಾನ್ಯವಾಗಿ ಬರೀ 'ಕೊಮೀ', ಅಂದ್ರೆ 'ತಿಂದೆ'. ನಿಮ್ಮ ಆ್ಯಪ್‌ನಲ್ಲಿ ಯಾವ ಕಡೆ ಸ್ಪ್ಯಾನಿಷ್ ಇದೆ ಅಂತ ಮೊದ್ಲು ನೋಡ್ಕೊಳಿ.