ಉಗುರಿನ ಬುಡಕ್ಕೆ ಎಣ್ಣೆಯ ಆರೈಕೆ
ರಾಯಚೂರಿನ ಬಿಸಿಲಿನಲ್ಲಿ ಹತ್ತಿ ಬಿಡಿಸುವ, ಇಲ್ಲವೇ ದಿನವಿಡೀ ಪಾತ್ರೆ ತೊಳೆಯುವ ಕೈಗಳಲ್ಲಿ ಉಗುರಿನ ಬುಡದ ತೆಳು ಚರ್ಮ ಒಣಗಿ ಸಿಬಿರಿನಂತೆ ಏಳುತ್ತದೆ. ಅದನ್ನು ಹಲ್ಲಿನಿಂದ ಕಚ್ಚಿ ಎಳೆಯಬಾರದು. ಸೋಂಕು ಒಳನುಗ್ಗದಂತೆ ತಡೆಯುವ ಅಂಚು ಅದೇ ಆಗಿರುವುದರಿಂದ, ಹರಿದರೆ ಉಗುರುಸುತ್ತು ಆಗಬಹುದು.

ಔಡಲೆಣ್ಣೆಯೊಂದನ್ನೇ ಹಚ್ಚಿದರೆ ಹಾಸಿಗೆಗೆಲ್ಲ ಅಂಟುತ್ತದೆ; ಆದ್ದರಿಂದ ಅದರ ಒಂದು ಚಮಚಕ್ಕೆ ಎರಡು ಚಮಚ ಕುಸುಬಿ ಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಬೆರೆಸಿಟ್ಟುಕೊಳ್ಳಬೇಕು. ರಾತ್ರಿ ಮಲಗುವ ಮುನ್ನ ಬೆರಳುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ 5 ನಿಮಿಷ ಅದ್ದಿ, ಒರೆಸಿ, ಪ್ರತಿ ಉಗುರಿನ ಬುಡಕ್ಕೆ ಒಂದೊಂದು ಹನಿ ಬಿಟ್ಟು, ಹೆಬ್ಬೆರಳಿನಿಂದ ಸುತ್ತಲೂ ಮೆಲ್ಲಗೆ ತಿಕ್ಕಬೇಕು. ಎಣ್ಣೆ ಹಚ್ಚಿದರೆ ಉಗುರು ಬೇಗ ಬೆಳೆಯುತ್ತದೆಂಬ ಮಾತನ್ನು ನಾನಂತೂ ನಂಬುವುದಿಲ್ಲ. ಕೈಯುಗುರು ಬೆಳೆಯುವುದೇ ತಿಂಗಳಿಗೆ ಸುಮಾರು 3 ಮಿಲಿಮೀಟರ್. ಕೀವು, ಊತ ಕಂಡರೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.