ಕಡಿಮೆ ಬಂದ ಅಂಕಿ

ನಮ್ಮ ಆಸ್ಪತ್ರೆಯಲ್ಲಿ ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಪಡೆದ ರೋಗಿಗಳ ವಾರ್ಡಿನ ಕೊಳೆನೀರನ್ನು, ವಿಕಿರಣ ಇಳಿಯುವ ತನಕ ಡಿಲೇ ಟ್ಯಾಂಕಿನಲ್ಲಿ ಮುಚ್ಚಿಡುತ್ತೇವೆ. ಆ ಟ್ಯಾಂಕಿನ ನೀರನ್ನು ಚರಂಡಿಗೆ ಬಿಡುವ ಮುನ್ನ ತೆಗೆದ ಸ್ಯಾಂಪಲ್ಲಿನಲ್ಲಿ ಲೀಟರಿಗೆ 1,600 ಬೆಕೆರೆಲ್ (ಸೆಕೆಂಡಿಗೆ ಎಷ್ಟು ಪರಮಾಣು ಕ್ಷಯಿಸುತ್ತವೆ ಎಂಬ ಲೆಕ್ಕ) ಎಂದು ಬಂದ ದಿನ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಸಮಾಧಾನವಾಗಿತ್ತು. ಇನ್ನೊಂದು ಟ್ಯಾಂಕು ತುಂಬುತ್ತ ಬಂದಿತ್ತು, ಅಯೋಡಿನ್ ವಾರ್ಡಿನ ಹಾಸಿಗೆಗಾಗಿ ಇಬ್ಬರು ಕಾಯುತ್ತಿದ್ದರು, ನಾನೂ ಸಹಿ ಹಾಕಲು ಪೆನ್ನು ತೆಗೆದಿದ್ದೆ. ನನ್ನ ಕೈ ತಡೆದದ್ದು ಹಿಂದಿನ ರಾತ್ರಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಸುಮ್ಮನೆ ಹಾಕಿಟ್ಟಿದ್ದ ಒಂದು ಲೆಕ್ಕ. ಟ್ಯಾಂಕು ಮುಚ್ಚಿದ ದಿನ ಅದರಲ್ಲಿ ಸುಮಾರು 20 ಗಿಗಾ (ಗಿಗಾ ಎಂದರೆ ನೂರು ಕೋಟಿ) ಬೆಕೆರೆಲ್‌ನಷ್ಟು ಅಯೋಡಿನ್-131 ಇತ್ತು. ಅದರ ಅರ್ಧಾಯುಷ್ಯ ಎಂಟು ದಿನ. 64 ದಿನಗಳಲ್ಲಿ ಎಂಟು ಸಲ ಅರ್ಧಕ್ಕಿಳಿದು 256ರಲ್ಲಿ ಒಂದು ಪಾಲು ಉಳಿಯಬೇಕು, ಅದನ್ನು 6,000 ಲೀಟರಿಗೆ ಹಂಚಿದರೆ ಲೀಟರಿಗೆ 13,000 ಬೆಕೆರೆಲ್ ಬರಬೇಕು. ಬಂದದ್ದು ಅದರ ಎಂಟನೇ ಒಂದು ಪಾಲು. ನಮಗೆ ಅವಸರವಿದೆಯೆಂದು ಅಯೋಡಿನ್ ಬೇಗ ಕ್ಷಯಿಸುವುದಿಲ್ಲ.

ಕಾರಣ ಅರ್ಧ ಗಂಟೆಯಲ್ಲೇ ಸಿಕ್ಕಿತು. ಸ್ಯಾಂಪಲ್ಲಿನ ಗಾಮಾ ಕಿರಣಗಳನ್ನು ಎಣಿಸುವ ಅದೇ ಗಾಮಾ ಕೌಂಟರಿನಲ್ಲಿ ಬೆಳಿಗ್ಗೆ ಮೂತ್ರಪಿಂಡದ ಪರೀಕ್ಷೆಗೆ ಬಂದ ರಕ್ತದ ಸ್ಯಾಂಪಲ್ಲುಗಳನ್ನು ಎಣಿಸಿದ್ದರು. ಆ ಪರೀಕ್ಷೆಗೆ ಬಳಸುವ ಟೆಕ್ನೀಷಿಯಂ-99ಎಂ ಸೂಸುವ ಗಾಮಾ ಕಿರಣದ ಶಕ್ತಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್, ಅಯೋಡಿನ್-131ರ ಮುಖ್ಯ ಕಿರಣದ್ದು 364. ಯಂತ್ರದ ವಿಂಡೋ, ಅಂದರೆ ಎಷ್ಟರಿಂದ ಎಷ್ಟು ಶಕ್ತಿಯ ಕಿರಣಗಳನ್ನು ಎಣಿಸಬೇಕೆಂಬ ಸೆಟ್ಟಿಂಗ್, 140ರ ಸುತ್ತಲೇ ಉಳಿದುಬಿಟ್ಟಿತ್ತು. ಹೀಗಾದಾಗ ಅಯೋಡಿನ್ನಿನ ಮುಖ್ಯ ಶಿಖರ ಪೂರ್ತಿ ಹೊರಗುಳಿದು, ಚದುರಿ ಶಕ್ತಿ ಕಳೆದುಕೊಂಡ ಕಿರಣಗಳಲ್ಲಿ ಒಂದಿಷ್ಟು ಮಾತ್ರ ಎಣಿಕೆಗೆ ಸಿಗುತ್ತವೆ. ಸೊನ್ನೆ ಬಂದಿದ್ದರೆ ಯಾರಾದರೂ ಹುಬ್ಬೇರಿಸುತ್ತಿದ್ದರು. ನಂಬುವಂಥ ಸಣ್ಣ ಸಂಖ್ಯೆ ಬಂದದ್ದೇ ಅಪಾಯವಾಯಿತು. ಆ ಸಲ 13,000 ಇದ್ದರೂ ನಮಗೆ ಕೊಟ್ಟಿದ್ದ ಮಿತಿಯೊಳಗೇ ಇರುತ್ತಿತ್ತು ಎಂಬುದು ನಿಜ. ಆದರೆ ಹಾಸಿಗೆಯ ಒತ್ತಡಕ್ಕೆ 40 ದಿನಕ್ಕೇ ಬಿಡಬೇಕೆಂದು ಯಾರಾದರೂ ಪಟ್ಟು ಹಿಡಿದಿದ್ದರೆ, ಲೀಟರಿಗೆ ಒಂದು ಲಕ್ಷ ಬೆಕೆರೆಲ್ ದಾಟಿದ ನೀರು ಇದೇ ತಪ್ಪಿನಿಂದ 13,000 ಎಂದು ತೋರಿಸಿಕೊಂಡು ಹೊರಗೆ ಹೋಗುತ್ತಿತ್ತು.

ನಾನು ಬೆಳಗಾವಿ ಕಡೆಯ ಒಂದು ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷಾ ಅಧಿಕಾರಿ. ಅದಕ್ಕೂ ಮೊದಲು ಬೇರೆ ರಾಜ್ಯದ ಒಂದು ಅಣು ವಿದ್ಯುತ್ ಸ್ಥಾವರದ ಪ್ರಯೋಗಾಲಯದಲ್ಲಿ ಏಳು ವರ್ಷ ದ್ರವ ತ್ಯಾಜ್ಯದ ಮಾಪನವನ್ನೇ ಮಾಡಿದ್ದೆ. ಕನ್ನಡಿಗರಿಗೆ ಅಣು ಸ್ಥಾವರವೆಂದರೆ ಕೈಗಾ ನೆನಪಾಗುತ್ತದೆ. ಅಲ್ಲಿಯಂತೆ ಭಾರಜಲ ಬಳಸುವ ಸ್ಥಾವರಗಳಲ್ಲಿ ಹೊರಬಿಡುವ ನೀರಿನ ಮುಖ್ಯ ಚಿಂತೆ ಟ್ರಿಟಿಯಂ, ಅಂದರೆ ವಿಕಿರಣಶೀಲ ಹೈಡ್ರೋಜನ್. ವಿಸರ್ಜನೆಯ ಪೈಪಿಗೆ ಗಾಮಾ ಮಾನಿಟರ್ ಕೂಡಿಸಿ, ಮಿತಿ ಮೀರಿದರೆ ವಾಲ್ವ್ ತಾನೇ ಮುಚ್ಚುವಂತೆ ಮಾಡಬಹುದು. ಟ್ರಿಟಿಯಂ ಆ ಮಾನಿಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಅದು ಸೂಸುವ ಬೀಟಾ ಕಣದ ಗರಿಷ್ಠ ಶಕ್ತಿ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮಾತ್ರ, ಪೈಪಿನ ಗೋಡೆಯನ್ನೂ ದಾಟದು. ಹಾಗಾಗಿ ಎಷ್ಟು ಯಂತ್ರಗಳಿದ್ದರೂ ಕೊನೆಗೆ ಒಬ್ಬ ಮನುಷ್ಯ ಬಾಟಲಿ ಹಿಡಿದು ಸರಿಯಾದ ಟ್ಯಾಂಕಿನ ಮುಂದೆ ನಿಂತು, ಸರಿಯಾಗಿ ಕಲಕಿದ ನೀರನ್ನು ಹಿಡಿದು, ಸರಿಯಾದ ಹೆಸರು ಬರೆದು ಪ್ರಯೋಗಾಲಯಕ್ಕೆ ತರಬೇಕು. ಆಸ್ಪತ್ರೆಯಲ್ಲಿ ಇದ್ದದ್ದು ಎರಡೇ ಟ್ಯಾಂಕು, ಒಂದೇ ಐಸೋಟೋಪು. ಕೆಲಸ ಸುಲಭವೆಂದುಕೊಂಡು ಬಂದೆ.

ಮೊದಲ ತಪ್ಪು ನನ್ನದೇ ಆಯಿತು, ಅದೂ ಸ್ಥಾವರದಿಂದ ಕಟ್ಟಿಕೊಂಡು ಬಂದ ಒಳ್ಳೆಯ ಅಭ್ಯಾಸದಿಂದ. ಅಲ್ಲಿ ಕೋಬಾಲ್ಟು, ಸೀಸಿಯಂನಂಥವು ಬಾಟಲಿಯ ಗೋಡೆಗೆ ಅಂಟದಿರಲೆಂದು ಸ್ಯಾಂಪಲ್ಲಿಗೆ ಸ್ವಲ್ಪ ನೈಟ್ರಿಕ್ ಆಮ್ಲ ಸೇರಿಸುತ್ತಿದ್ದೆವು. ಕೈ ಅದಕ್ಕೇ ಒಗ್ಗಿತ್ತು. ಇಲ್ಲಿಯೂ ಕೆಲವು ತಿಂಗಳು ಹಾಗೇ ಮಾಡಿದೆ. ಆಮ್ಲದಲ್ಲಿ ಅಯೋಡೈಡು ಅಯೋಡಿನ್ ಆಗಿ ಗಾಳಿಗೆ ಹಾರಿಹೋಗುತ್ತದೆ ಎಂಬುದು ಪಿಯುಸಿ ಹುಡುಗರಿಗೂ ಗೊತ್ತಿರುವ ಸಂಗತಿ. ಒಮ್ಮೆ ಆಮ್ಲ ತೀರಿಹೋಗಿ, ಹಾಗೇ ಎಣಿಸಿದ ಸ್ಯಾಂಪಲ್ಲಿನಲ್ಲಿ ಸಂಖ್ಯೆ ಕಾಲು ಪಾಲು ಹೆಚ್ಚು ಬಂದಾಗ ನಾನು ಮೊದಲು ಬೈದದ್ದು ಬಾಟಲಿ ತೊಳೆದವರನ್ನು. ಎರಡು ಬಾಟಲಿ ಪಕ್ಕಪಕ್ಕ ಇಟ್ಟು, ಒಂದಕ್ಕೆ ಆಮ್ಲ ಹಾಕಿ ಇನ್ನೊಂದಕ್ಕೆ ಹಾಕದೆ, ಮೂರು ದಿನ ಎಣಿಸಿದ ಮೇಲೆ ತಪ್ಪೊಪ್ಪಿಕೊಂಡೆ. ಆಮೇಲೆ ಸ್ಯಾಂಪಲ್ಲಿಗೆ ಆಮ್ಲದ ಬದಲು ಒಂದಿಷ್ಟು ಪೊಟ್ಯಾಷಿಯಂ ಅಯೋಡೈಡು ಹಾಕಿ, ಸೋಡಿಯಂ ಹೈಡ್ರಾಕ್ಸೈಡಿನಿಂದ ಕ್ಷಾರೀಯವಾಗಿಡುವ ರೂಢಿ ಮಾಡಿದೆವು.

ಆಗ ನನಗೆ ಹೊಳೆದ ಸಂಗತಿಯ ಮೇಲೆಯೇ ಮುಂದಿನ ಎಲ್ಲ ವ್ಯವಸ್ಥೆ ನಿಂತಿತು. ದ್ರವ ವಿಸರ್ಜನೆಯ ಮಾಪನದಲ್ಲಿ ಮನುಷ್ಯ ಮಾಡುವ ಬಹುಪಾಲು ತಪ್ಪುಗಳು ಅಂಕಿಯನ್ನು ಕೆಳಕ್ಕೇ ಎಳೆಯುತ್ತವೆ. ಟ್ಯಾಂಕು ಕಲಕದಿದ್ದರೆ ಕೆಸರಿಗೆ ಅಂಟಿದ್ದು ತಳದಲ್ಲೇ ಉಳಿದು ಮೇಲಿನ ತಿಳಿ ಬಾಟಲಿಗೆ ಬರುತ್ತದೆ. ಸ್ಯಾಂಪಲ್ ತೆಗೆಯುವ ನಲ್ಲಿಯ ಪೈಪಿನಲ್ಲಿ ನಿಂತಿದ್ದ ಹಳೆಯ ನೀರನ್ನು ಚೆಲ್ಲದೆ ಹಿಡಿದರೂ ಕಡಿಮೆ, ವಿಂಡೋ ತಪ್ಪಿದರೂ ಕಡಿಮೆ, ಅಯೋಡಿನ್ ಹಾರಿದರೂ ಕಡಿಮೆ. ಅಂಕಿ ಹೆಚ್ಚು ಬಂದರೆ ಮೂರು ಜನ ಓಡಿ ಬಂದು ಮತ್ತೆ ಎಣಿಸಿ ನೋಡುತ್ತಾರೆ. ಕಡಿಮೆ ಬಂದರೆ ಫೈಲು ಮುಚ್ಚುತ್ತಾರೆ.

ಆದ್ದರಿಂದ ಎಣಿಸುವ ಮುನ್ನವೇ ನಿರೀಕ್ಷಿತ ಅಂಕಿಯನ್ನು ಬರೆದಿಡುವುದು ಕಡ್ಡಾಯವಾಯಿತು. ಬಂದ ಅಂಕಿ ಅದರ ಮೂರರಲ್ಲಿ ಎರಡು ಪಾಲಿಗಿಂತ ಕೆಳಗಿದ್ದರೂ ಒಂದೂವರೆ ಪಟ್ಟು ದಾಟಿದರೂ ಸಹಿ ಇಲ್ಲ. ಹೇಳುವುದು ಸುಲಭ, ಆ ನಿರೀಕ್ಷಿತ ಅಂಕಿಯನ್ನು ಪಡೆಯುವುದರಲ್ಲೇ ಬಹಳ ದಿನ ಒದ್ದಾಡಿದೆ. ಥೈರಾಯ್ಡ್ ಕ್ಯಾನ್ಸರಿಗೆ ಸಾಮಾನ್ಯವಾಗಿ ಒಮ್ಮೆಗೆ 3.7ರಿಂದ 7.4 ಗಿಗಾ ಬೆಕೆರೆಲ್, ಅಂದರೆ ಡಾಕ್ಟರುಗಳ ಬಾಯಲ್ಲಿ ಇನ್ನೂ ಬದುಕಿರುವ ಹಳೆಯ ಲೆಕ್ಕದಲ್ಲಿ 100ರಿಂದ 200 ಮಿಲಿಕ್ಯೂರಿ, ಕೊಡುತ್ತಾರೆ. ಅದರಲ್ಲಿ ಬಹುಪಾಲು ಮೊದಲ ಎರಡು ದಿನಗಳಲ್ಲೇ ಮೂತ್ರದಲ್ಲಿ ಹೊರಬೀಳುತ್ತದೆ. ಆದರೆ ಎಷ್ಟು ಎಂಬುದು ರೋಗಿಯಿಂದ ರೋಗಿಗೆ ಬೇರೆ. ಕೊಟ್ಟದ್ದರಲ್ಲಿ ಬಿಡುಗಡೆಯ ದಿನ ಮೈಯಲ್ಲಿ ಉಳಿದದ್ದನ್ನು ಕಳೆದು, ಪ್ರತಿಯೊಬ್ಬರದನ್ನೂ ಟ್ಯಾಂಕು ಮುಚ್ಚುವ ದಿನಕ್ಕೆ ಇಳಿಸಿ ಕೂಡಿದರೆ ಒಂದು ಅಂದಾಜು ಸಿಗುತ್ತದೆ, ಅಷ್ಟೇ. ಇದಕ್ಕೆ ಆಸರೆಯಾಗಿ ಟ್ಯಾಂಕಿನ ಹೊರಮೈಯಲ್ಲಿ ಕೆಂಪು ಬಣ್ಣದಿಂದ ಒಂದು ವೃತ್ತ ಬರೆಸಿ, ಪ್ರತಿ ಸೋಮವಾರ ವಿಕಿರಣ ಅಳೆಯುವ ಸರ್ವೆ ಮೀಟರನ್ನು ಅಲ್ಲಿಗೇ ತಾಗಿಸಿ ಡೋಸ್ ದರ ಗುರುತು ಹಾಕುವುದನ್ನು ಶುರುಮಾಡಿದೆ. ಮುಚ್ಚಿದ ಟ್ಯಾಂಕಿನಲ್ಲಿ ಅದು ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯಬೇಕು. ಬಾಟಲಿ, ಆಮ್ಲ, ವಿಂಡೋ ಯಾವುದರ ಹಂಗೂ ಇಲ್ಲದ ಈ ಗೆರೆ ನನಗೆ ಎಷ್ಟೋ ಸಲ ಬಾಟಲಿಗಿಂತ ಹೆಚ್ಚಿನ ಧೈರ್ಯ ಕೊಟ್ಟಿದೆ.

ಕೌಂಟರಿನ ವಿಚಾರಕ್ಕೆ ಒಂದು ಸಣ್ಣ ಬದಲಾವಣೆ ಸಾಕಾಯಿತು. ದಿನಾ ಬೆಳಿಗ್ಗೆ ಸೀಸಿಯಂ-137 ಇಟ್ಟು ಯಂತ್ರ ಪರೀಕ್ಷಿಸುವುದು ಇದ್ದೇ ಇತ್ತು, ಆದರೆ ಅದರ 662ರ ಕಿರಣ ಬೇರೆ ವಿಂಡೋದಲ್ಲಿ ಬೀಳುವುದರಿಂದ ಅಯೋಡಿನ್ ವಿಂಡೋ ಸರಿಯಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಬೇರಿಯಂ-133ರ ಮುಖ್ಯ ಕಿರಣ 356, ಅಯೋಡಿನ್ನಿಗೆ ಅಕ್ಕಪಕ್ಕ. ಅರ್ಧಾಯುಷ್ಯ ಹತ್ತು ವರ್ಷಕ್ಕೂ ಹೆಚ್ಚು. ಟ್ಯಾಂಕಿನ ಸ್ಯಾಂಪಲ್ಲಿಗೆ ಮೊದಲೊಮ್ಮೆ, ನಂತರ ಮತ್ತೊಮ್ಮೆ ಸೆಟ್ಟಿಂಗ್ ಮುಟ್ಟದೆ ಬೇರಿಯಂ ಎಣಿಸಿ, ಎರಡು ಅಂಕಿಗಳನ್ನೂ ಅದೇ ಹಾಳೆಯಲ್ಲಿ ಬರೆಯಬೇಕೆಂದು ಮಾಡಿದೆವು.

ಟ್ಯಾಂಕು ಅದಲುಬದಲಾಗುವುದು ಇದಕ್ಕಿಂತ ಕೆಟ್ಟ ತಪ್ಪು. 1983ರ ನವೆಂಬರಿನಲ್ಲಿ ಇಂಗ್ಲೆಂಡಿನ ಸೆಲ್ಲಾಫೀಲ್ಡಿನಲ್ಲಿ ಆದದ್ದು ಈ ಜಾತಿಯದು. ಅದು ವಿದ್ಯುತ್ ಸ್ಥಾವರದ ಭಾಗವಲ್ಲ, ಬಳಸಿದ ಇಂಧನವನ್ನು ಮರುಸಂಸ್ಕರಿಸುವ ಘಟಕ. ಒಂದು ಟ್ಯಾಂಕಿನಲ್ಲಿ ಏನಿದೆ ಎಂಬ ಮಾಹಿತಿ ಪಾಳಿಯಿಂದ ಪಾಳಿಗೆ ಸರಿಯಾಗಿ ದಾಟಲಿಲ್ಲ. ಬಿಡಲು ಯೋಗ್ಯವೆಂದು ಭಾವಿಸಿ, ತೀವ್ರ ವಿಕಿರಣಶೀಲ ದ್ರವವನ್ನು ಸಮುದ್ರಕ್ಕೆ ಬಿಡುವ ಟ್ಯಾಂಕಿಗೆ ಹಾಯಿಸಿದರು. ಕಡಲತೀರಕ್ಕೆ ಹೋಗದಿರಿ ಎಂದು ಜನರಿಗೆ ಹೇಳಬೇಕಾಯಿತು, 1985ರಲ್ಲಿ ನ್ಯಾಯಾಲಯ ಸಂಸ್ಥೆಗೆ 10,000 ಪೌಂಡ್ ದಂಡ ಹಾಕಿತು. ಸ್ಥಾವರದಲ್ಲಿದ್ದಾಗ ತರಬೇತಿಯಲ್ಲಿ ಇದನ್ನು ಕೇಳಿದ್ದೆ. ನಮ್ಮಲ್ಲಿ ಇಂಥದಕ್ಕೆ ಅವಕಾಶವೆಲ್ಲಿ, ಇರುವುದೇ ಎರಡು ಟ್ಯಾಂಕು ಎಂದುಕೊಂಡಿದ್ದೆ.

ಅವಕಾಶ ಸುಣ್ಣದ ರೂಪದಲ್ಲಿ ಬಂತು. ತಪಾಸಣೆಗೆ ಅಧಿಕಾರಿಗಳು ಬರುತ್ತಾರೆಂದು ಟ್ಯಾಂಕಿನ ಶೆಡ್ಡಿಗೆ ಸುಣ್ಣ ಬಳಿಸಿದರು. ವಾಲ್ವುಗಳ ಮೇಲೆ ಗೋಡೆಯಲ್ಲಿ ಬರೆದಿದ್ದ 1 ಮತ್ತು 2 ಮುಚ್ಚಿಹೋದವು, ಬಣ್ಣದವನು ಹೋಗುವಾಗ ತನ್ನ ನೆನಪಿನ ಪ್ರಕಾರ ಮತ್ತೆ ಬರೆದು ಹೋದ. ಮರುವಾರ ಎಣಿಕೆ ಮುಗಿದು, ನನ್ನ ಸಹಿಯೂ ಆಗಿ, ಒಂದನೆಯ ಟ್ಯಾಂಕು ಬಿಡಲು ಶೆಡ್ಡಿಗೆ ಹೋದೆವು. ವಾಲ್ವ್ ನೋಡಿಕೊಳ್ಳುವವರು ಯಳ್ಳೂರಿನ ಕಡೆಯ ಹಿರಿಯರು, ನಮಗೆಲ್ಲ ‘ಮಾಮಾ’. ಅವರು ಚಕ್ರಕ್ಕೆ ಕೈ ಹಾಕಿ ನಿಂತವರು, ಪೈಪು ಹಿಡಿದು ಕಣ್ಣಲ್ಲೇ ಟ್ಯಾಂಕಿನ ತನಕ ಹೋದರು. ಟ್ಯಾಂಕಿನ ಮೈಗೆ ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳತನಕ ತಟ್ಟಿದರು. “ಸರ, ಇದ ಅರ್ಧ ಪೊಳ್ಳ ಐತ್ರಿ. ಒಂದನೇದು ತುಂಬೇತಿ ಅಂತ ನೀವ ಬರದೀರಿ” ಎಂದರು. ನಾವು ನಿಂತದ್ದು ವಾರ್ಡಿನಿಂದ ಇನ್ನೂ ನೀರು ಬರುತ್ತಿದ್ದ ಎರಡನೆಯ ಟ್ಯಾಂಕಿನ ವಾಲ್ವಿನ ಮುಂದೆ. ಸುಣ್ಣ ಬಳಿಯುವ ಮುನ್ನ ಸಂಖ್ಯೆಗಳನ್ನು ಗುರುತು ಹಾಕಿಕೊಳ್ಳಲು ಹೇಳಬೇಕಾದವನು ನಾನು, ಹೇಳಿರಲಿಲ್ಲ.

ಈಗ ಸಂಖ್ಯೆ ಗೋಡೆಯ ಮೇಲಿಲ್ಲ. ಸ್ಟೀಲಿನ ಬಿಲ್ಲೆಯಲ್ಲಿ ಕೊರೆಸಿ ವಾಲ್ವಿನ ಕುತ್ತಿಗೆಗೇ ತಂತಿ ಬಿಗಿದಿದ್ದೇವೆ. ಒಂದನೆಯದಕ್ಕೆ ಹಳದಿ, ಎರಡನೆಯದಕ್ಕೆ ನೀಲಿ, ಬಾಟಲಿಯ ಮುಚ್ಚಳ ಮತ್ತು ಚೀಟಿಗೂ ಅದೇ ಬಣ್ಣ. ವಾಲ್ವಿನ ಬೀಗದ ಕೀಲಿ ಮಾಮಾ ಅವರ ಬಳಿಯೇ ಇರುತ್ತದೆ. ಚೀಟಿಯ ಬಣ್ಣ ಕಾಣದೆ ಅವರು ನನಗೂ ಕೀಲಿ ಕೊಡುವುದಿಲ್ಲ. ಒಂದು ಶನಿವಾರ ನಾನು ಚೀಟಿ ಮೇಜಿನ ಮೇಲೆ ಬಿಟ್ಟು ಬಂದಾಗ “ತಗೊಂಡ ಬರ್ರಿ ಸರ, ನಾ ಎಲ್ಲೂ ಹೋಗಂಗಿಲ್ಲ” ಎಂದು ಕಲ್ಲಿನ ಮೇಲೆ ಕೂತುಬಿಟ್ಟರು. ಬಾಸುಮತಿ ಬೆಳೆಯುವ ಗದ್ದೆ ಅವರದು. ಸೇರಿದ ಹೊಸದರಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಈ ನೀರ ನಮ್ಮ ಗದ್ದಿಗಿ ಬರತೈತೇನ್ರಿ?” ನಾನು ಅರ್ಧ ಗಂಟೆ ಕೂತು ಅರ್ಧಾಯುಷ್ಯವೆಂದರೇನೆಂದು ಕಾಳು ಎಣಿಸಿ ತೋರಿಸಿದ್ದೆ. ನಾನು ಕೊಟ್ಟ ತರಬೇತಿಗಳಲ್ಲಿ ಫಲ ಕೊಟ್ಟದ್ದು ಅದೇ ಇರಬೇಕು.

ಎರಡನೆಯ ಸಹಿಯ ವಿಷಯದಲ್ಲಿ ಮಾತ್ರ ನನಗೆ ಪೂರ್ತಿ ಸಮಾಧಾನವಿಲ್ಲ. ವಿಂಡೋ ತಪ್ಪಿದ ಆ ದಿನ ಹಾಳೆಯ ಮೇಲೆ ತಂತ್ರಜ್ಞೆಯ ಸಹಿ ಆಗಲೇ ಇತ್ತು. ಕೇಳಿದಾಗ ಆಕೆ, “ಹೆಂಗೂ ನೀವು ನೋಡ್ತೀರಲ್ಲ ಸರ, ಅಂತ ಮಾಡೀನ್ರಿ” ಎಂದಳು. ಆಕೆ ಎಣಿಸಿದ್ದಾಳಲ್ಲ ಎಂದು ನಾನು ಪೆನ್ನು ತೆಗೆದಿದ್ದೆ. ಎರಡು ಸಹಿಗಳಿದ್ದವು, ನೋಡಿದವರು ಒಬ್ಬರೂ ಇರಲಿಲ್ಲ. ಹಿರಿಯರ ಅಂಕಿಯನ್ನು ಕಿರಿಯರು ತಿದ್ದುವುದು ನಮ್ಮ ಕಡೆ ಉದ್ಧಟತನವೆನಿಸುತ್ತದೆ, ಅದನ್ನು ಸುತ್ತೋಲೆ ಹೊರಡಿಸಿ ತೆಗೆಯಲಾಗದು. ನಾನು ಮಾಡಿದ್ದಿಷ್ಟು: ನಿರೀಕ್ಷಿತ ಅಂಕಿಯನ್ನು ನಾನು ಬರೆದು ಲಕೋಟೆಯಲ್ಲಿ ಅಂಟಿಸುತ್ತೇನೆ, ಅದನ್ನು ಕಾಣದೆ ಆಕೆ ಎಣಿಸಿ ತನ್ನ ಹಾಳೆ ತುಂಬುತ್ತಾಳೆ, ಆಮೇಲೆ ಇಬ್ಬರ ಎದುರೇ ಲಕೋಟೆ ಒಡೆಯುತ್ತೇವೆ. ಹೊಂದದಿದ್ದರೆ ಯಾರೂ ಯಾರನ್ನೂ ತಿದ್ದಿದಂತಾಗುವುದಿಲ್ಲ, ಎರಡು ಕಾಗದಗಳು ಜಗಳವಾಡುತ್ತವೆ.

ಹೋದ ಮಳೆಗಾಲದಲ್ಲಿ ಹೀಗೆ ಒಡೆದ ಲಕೋಟೆಯಲ್ಲಿ 11,000 ಇತ್ತು, ಆಕೆಯ ಹಾಳೆಯಲ್ಲಿ 7,100. ಬೇರಿಯಂ ಸರಿಯಿತ್ತು, ಕಲಕುವ ಪಂಪು ಕರೆಂಟು ಹೋದಾಗ ನಿಂತಿತ್ತೆಂಬ ಗುಮಾನಿಗೆ ಮತ್ತೆ ನಾಲ್ಕು ತಾಸು ಓಡಿಸಿ ಹಿಡಿದರೂ ಅದೇ ಅಂಕಿ ಬಂತು. ಅಳತೆ ಕೋಲು ಇಳಿಸಿ ನೋಡಿದರೆ, 5,800 ಲೀಟರಿಗೆ ಮುಚ್ಚಿದ ಟ್ಯಾಂಕಿನಲ್ಲಿ 8,900 ಲೀಟರು. ಚಾವಣಿಯ ನೀರಿಳಿಯುವ ಪೈಪು ಒಡೆದು, ಜುಲೈ ತಿಂಗಳ ಮಳೆಯೆಲ್ಲ ಬಿರುಕು ಬಿಟ್ಟ ಮುಚ್ಚಳದ ಮೇಲೇ ಸುರಿದಿತ್ತು. ಅಂಕಿ ಮಿತಿಯೊಳಗಿದ್ದರೂ ನಾವು ಆ ದಿನ ಬಿಡಲಿಲ್ಲ; ನೀರು ಬೆರೆತು ತೆಳುವಾದ ಮಾತ್ರಕ್ಕೆ ಒಳಗಿನ ಅಯೋಡಿನ್ ಕಡಿಮೆಯಾಗಿರಲಿಲ್ಲ. ಲೆಕ್ಕವನ್ನು 8,900ಕ್ಕೆ ತಿದ್ದಿ, ಕಾರಣವನ್ನು ರಿಜಿಸ್ಟರಿನಲ್ಲಿ ಬರೆದು, ಪೈಪು ಬದಲಿಸಿ, ಮುಚ್ಚಳಕ್ಕೆ ಹೊಸ ರಬ್ಬರ್ ಕೂಡಿಸಿ ಎಂಟು ದಿನ ಕಾದೆವು. ಅಂದಿನಿಂದ ಸೋಮವಾರದ ಹಾಳೆಯಲ್ಲಿ ಡೋಸ್ ದರದ ಪಕ್ಕ ನೀರಿನ ಮಟ್ಟಕ್ಕೂ ಒಂದು ಕಾಲಂ ಇದೆ.