ಜಾಮರ್ ಆರ್ಡರ್ ಮಾಡುವ ಮುಂಚೆ ಇದನ್ನು ಓದಿ

ದೇವನಹಳ್ಳಿ ಏರ್‌ಪೋರ್ಟಿನ ಕಾರ್ಗೋ ಕಡೆ, ಹೊರದೇಶದ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ನಾನು. ಟ್ಯೂಷನ್ ಸೆಂಟರ್‌ನವರು, ಕಲ್ಯಾಣ ಮಂಟಪದವರು, ಟ್ಯಾಕ್ಸಿ ಇಟ್ಟುಕೊಂಡವರು ಕೇಳುವುದು ಒಂದೇ: "ಸಾರ್, ಹೊರಗಿನಿಂದ ಒಂದು ಚಿಕ್ಕ ಜಾಮರ್ ತರಿಸ್ತೀವಿ, ಡ್ಯೂಟಿ ಎಷ್ಟಾಗುತ್ತೆ?"

ಡ್ಯೂಟಿ ಲೆಕ್ಕ ಬೇಡ. ಜಾಮರ್ ಅಂದರೆ ಮೊಬೈಲ್, ಜಿಪಿಎಸ್, ವೈಫೈ ಸಿಗ್ನಲ್ ತಡೆಯುವ ಸಾಧನ. ಖಾಸಗಿಯವರು ಅದನ್ನು ತರಿಸುವ ಹಾಗೇ ಇಲ್ಲ. ಕೊಳ್ಳುವುದು, ಬಳಸುವುದು ಮಾತ್ರವಲ್ಲ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರ ಜನವರಿಯಲ್ಲೇ ಹೇಳಿದೆ. 2023ರ ದೂರಸಂಪರ್ಕ ಕಾಯ್ದೆಯ 48ನೇ ಸೆಕ್ಷನ್ 2024ರ ಜುಲೈ 5ರಿಂದ ಜಾರಿಯಲ್ಲಿದೆ. ಕೇಂದ್ರದ ಅನುಮತಿ ಇಲ್ಲದೆ ಇಂಥ ಸಾಧನ ಇಟ್ಟುಕೊಳ್ಳುವುದೂ ಅದರ ಪ್ರಕಾರ ತಪ್ಪು. ಅಂದರೆ ಆನ್ ಮಾಡದೆ ಬೀರುವಿನಲ್ಲಿಟ್ಟಿದ್ದೆ ಅಂದರೂ ನಡೆಯುವುದಿಲ್ಲ.

ಮೊದಲ ಕೆಲಸ, ಹೆಸರು ಬಿಟ್ಟು ಸ್ಪೆಸಿಫಿಕೇಶನ್ ನೋಡಿ. ಮಾರುವವರು 'ಜಾಮರ್' ಅಂತ ಬರೆಯುವುದೇ ಕಡಿಮೆ. 'ಸಿಗ್ನಲ್ ಐಸೊಲೇಟರ್', 'ಪ್ರೈವಸಿ ಶೀಲ್ಡ್', ಇನ್‌ವಾಯ್ಸ್‌ನಲ್ಲಿ ಬರೀ 'ವೈಫೈ ಆಕ್ಸೆಸರಿ'. ಫೋಟೋದಲ್ಲಿ ಕಪ್ಪು ಡಬ್ಬಿ, ತಲೆ ಮೇಲೆ ಸಾಲಾಗಿ ಆರೋ ಎಂಟೋ ಆಂಟೆನಾ. ಕೆಳಗಿನ ಪಟ್ಟಿಯಲ್ಲಿ 900, 1800, 2100, 2300 ಮೆಗಾಹರ್ಟ್ಸ್ ಅಂತ ಮೊಬೈಲ್ ಬ್ಯಾಂಡ್‌ಗಳು, ಜೊತೆಗೆ 'ಬ್ಲಾಕಿಂಗ್ ರೇಡಿಯಸ್' ಇಷ್ಟು ಮೀಟರ್. ಅಲ್ಲಿಗೇ ಆ ವೆಬ್ ಪೇಜ್ ಮುಚ್ಚಿ. ಕಾರಿನ ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಪುಟ್ಟ ಜಿಪಿಎಸ್ ಜಾಮರ್ ಇನ್ನೂ ಅಪಾಯ. ಅದು ಜಿಪಿಎಸ್ ಬರುವ 1575.42 ಮೆಗಾಹರ್ಟ್ಸ್ ಸಿಗ್ನಲ್ ಹಾಳುಮಾಡುತ್ತದೆ, ವಿಮಾನಗಳಿಗೂ ಬೇಕಾದದ್ದು ಅದೇ. ಅಮೆರಿಕದ ನೆವಾರ್ಕ್ ವಿಮಾನ ನಿಲ್ದಾಣದ ವ್ಯವಸ್ಥೆಗೆ ಒಬ್ಬ ಟ್ರಕ್ ಚಾಲಕ ಹೀಗೆ ತೊಂದರೆ ಕೊಟ್ಟ. 2013ರಲ್ಲಿ ಅವನಿಗೆ ಹಾಕಲು ಹೊರಟ ದಂಡ 31,875 ಡಾಲರ್!

"ವೈಫೈ ಬ್ಯಾಂಡಿಗೆ ಲೈಸೆನ್ಸೇ ಬೇಡ ಅಲ್ವಾ?" ಅಂತ ಕೆಲವರು ವಾದಿಸುತ್ತಾರೆ. ಆ ರಿಯಾಯಿತಿ ಮಾತನಾಡುವ ಸಾಧನಕ್ಕೆ, ಬಾಯಿ ಮುಚ್ಚಿಸುವ ಸಾಧನಕ್ಕಲ್ಲ. ರೌಟರ್, ಬ್ಲೂಟೂತ್ ಸ್ಪೀಕರ್‌ಗಳಿಗೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗವಾದ ಡಬ್ಲ್ಯುಪಿಸಿಯಿಂದ ಇಟಿಎ ಅನ್ನುವ ಸಾಧನ ಒಪ್ಪಿಗೆಯ ಪ್ರಮಾಣಪತ್ರ ಸಿಗುತ್ತದೆ. ಅದನ್ನು ಹಿಡಿದು ಜಾಮರ್ ಬಿಡಿಸಲು ಬರುವುದಿಲ್ಲ.

ಈಗಾಗಲೇ ಆರ್ಡರ್ ಮಾಡಿದ್ದೀರಾ? ಸರಕು ಹೊರಡುವ ಮುಂಚೆಯೇ ರದ್ದು ಮಾಡಿಸಿ. ಹೊರಟಿದ್ದರೆ, ಇನ್‌ವಾಯ್ಸ್‌ನಲ್ಲಿ ಹೆಸರು ಬದಲಿಸಿ ಅಂತ ಮಾತ್ರ ಮಾರಾಟಗಾರನಿಗೆ ಬರೆಯಬೇಡಿ. ಸುಳ್ಳು ಘೋಷಣೆ ಬೇರೆಯೇ ತಪ್ಪು, ನಿಮ್ಮ ಮೆಸೇಜೇ ಸಾಕ್ಷಿ. ಕೊರಿಯರ್‌ನವರು ಕೆವೈಸಿ ಕೇಳಿದರೆ ಒಳಗಿರುವುದು ಏನೆಂದು ಇದ್ದದ್ದು ಇದ್ದಂತೆ ಹೇಳಿ, ಮುಂದೇನು ಅಂತ ಕಸ್ಟಮ್ಸ್ ವಕೀಲರನ್ನು ಕೇಳಿ. ಸರಕಿನ ಹಕ್ಕು ಬಿಟ್ಟುಕೊಡಲು ಕಸ್ಟಮ್ಸ್ ಕಾಯ್ದೆಯ 23ನೇ ಸೆಕ್ಷನ್ ಇದೆ ನಿಜ. ಆದರೆ ಅಪರಾಧ ನಡೆದಂತೆ ಕಂಡರೆ ಆ ಬಾಗಿಲು ಮುಚ್ಚಿತು. ತಡ ಮಾಡಬೇಡಿ ಅನ್ನುವುದು ಅದಕ್ಕೇ.

ಸರ್ಕಾರಿ ಸಂಸ್ಥೆಗಳ ದಾರಿ ಬೇರೆ. ಜೈಲು, ಪೊಲೀಸ್, ಶಾಸನಬದ್ಧ ಪರೀಕ್ಷಾ ಮಂಡಳಿಗಳಂಥವು ಕ್ಯಾಬಿನೆಟ್ ಸಚಿವಾಲಯದ ಭದ್ರತಾ ಕಾರ್ಯದರ್ಶಿಯ ಅನುಮತಿ ಪಡೆಯಬೇಕು. ಸರ್ಕಾರಿ ಕಂಪನಿಗಳಾದ ನಮ್ಮ ಜಾಲಹಳ್ಳಿಯ ಬಿಇಎಲ್, ಹೈದರಾಬಾದಿನ ಇಸಿಐಎಲ್ ಜಾಮರ್‌ಗಳನ್ನು ಇಲ್ಲೇ ಪೂರೈಸುತ್ತವೆ. ನಿಮ್ಮದು ಖಾಸಗಿ ಕೋಚಿಂಗ್ ಸೆಂಟರ್ ಆದರೆ ಬಾಗಿಲಲ್ಲಿ ಟೋಕನ್ ಕೊಟ್ಟು ಫೋನ್ ಇಸ್ಕೊಳ್ಳಿ, ಖರ್ಚೂ ಕಡಿಮೆ.

ಹಾಗೆಯೇ 'ಜಾಮರ್ ಬೇಡ, ಬೂಸ್ಟರ್ ತರಿಸ್ತೀನಿ' ಅನ್ನುವವರಿಗೂ ಒಂದು ಮಾತು. ಮೊಬೈಲ್ ಸಿಗ್ನಲ್ ಹೆಚ್ಚಿಸುವ ಈ ಬೂಸ್ಟರ್ ಹಾಕುವ ಹಕ್ಕು ಟೆಲಿಕಾಂ ಕಂಪನಿಗಳಿಗೆ ಮಾತ್ರ. ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ.